ನಮ್ಮ ಹೂದೋಟ: ನೆರಳಿಗೊಂದು ಗಿಡ

ವಾಚಕರಲ್ಲಿ ಕೆಲವರ ಮಕ್ಕಳು ಅಮೆರಿಕದ ಜಾರ್ಜಿಯ, ಅಲಬಾಮಗಳ ಕಡೆ ಸಂಸಾರ ಹೂಡಿದ್ದಾರೆ. ಹಿತ್ತಲಿನ ಹೆಮ್ಮರಗಳ ನೆರಳಿನಲ್ಲಿ ಏನು ನೆಟ್ಟರೂ ಸೊರಗುತ್ತದೆ ಎಂಬ ಕೊರಗು ಅವರಿಗಿದ್ದರೆ, ನಾವು ಸೂಚಿಸುವುದು ಆ ಸೀಮೆಯ ಕಾಡಿನದೇ ಗಿಡ: ಓಕ್ ಎಲೆಯ ಹೈಡ್ರೇಂಜಿಯ. 1999ರಲ್ಲಿ ಅಲಬಾಮ ಇದನ್ನು ತನ್ನ ರಾಜ್ಯದ ಕಾಡುಹೂವೆಂದು ಆರಿಸಿಕೊಂಡಿತು.

ಊಟಿಯ ತೋಟಗಳಲ್ಲಿ ನಾವು ಕಾಣುವ ಹೈಡ್ರೇಂಜಿಯ ಜಪಾನ್ ಮೂಲದ್ದು. ಹುಳಿ ಮಣ್ಣಿನಲ್ಲಿ ಅದರ ಹೂ ನೀಲಿ. ಇದು ಹಾಗಲ್ಲ. ಮಣ್ಣು ಯಾವುದಾದರೂ ಹೂ ಬಿಳಿಯೇ. ಗೋಪುರದಂಥ ಗೊಂಚಲು ಹಳತಾದಂತೆ ನಸುಗೆಂಪಾಗುತ್ತದೆ. ಸೀಳುಸೀಳಾದ ಅಗಲ ಎಲೆ ಶರತ್ಕಾಲದಲ್ಲಿ ಕಡುಗೆಂಪು.

ಗಿಡಕ್ಕೆ 6–8 ಅಡಿ ಜಾಗ ಬಿಡಬೇಕು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇದಕ್ಕೆ ಹಿತ. ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಇಳಿಜಾರು ಮೇಲು. ಉದುರಿದ ಎಲೆಗಳನ್ನು ಗುಡಿಸಿ ಎಸೆಯದೆ ಬುಡಕ್ಕೆ ಹೊದಿಸಿದರೆ ತೇವವೂ ಉಳಿಯಿತು, ಗೊಬ್ಬರವೂ ಆಯಿತು.

ಎಲ್ಲಕ್ಕಿಂತ ಮುಖ್ಯ ಕತ್ತರಿಯ ಮಾತು. ಬರುವ ವರ್ಷದ ಮೊಗ್ಗು ಈ ವರ್ಷದ ಕಡ್ಡಿಯಲ್ಲೇ ಅಡಗಿರುತ್ತದೆ. ಚಳಿಗಾಲದಲ್ಲಿ ಗಿಡ ಬೋಳಾಗಿದೆಯೆಂದು ಸವರಿದರೆ ಹೂವಿನ ಆಸೆ ಬಿಡಬೇಕು. ಸವರಲೇಬೇಕಾದರೆ ಹೂ ಮುಗಿದ ಕೂಡಲೇ ಸವರಿರಿ. ಮಕ್ಕಳಿಗೆ ಕಾಗದ ಬರೆಯುವಾಗ ಇದೊಂದನ್ನು ಮರೆಯದೆ ತಿಳಿಸಿರಿ.