ಸೀಲು ಕಿತ್ತ ಪಂಪು

ಲಾರಿ ಇರುವ ಮನೆಯಲ್ಲಿ ಹೆಂಗಸರು ಎಂಜಿನ್ನಿನ ವಿಷಯಕ್ಕೆ ಬಾಯಿ ಹಾಕಬಾರದೆಂಬುದು ಯಾರೂ ಬರೆದಿಡದ ಒಂದು ಕಾನೂನು. ಆರ್‌ಸಿ ಪುಸ್ತಕ ನಮ್ಮ ಹೆಸರಿನಲ್ಲಿರಬಹುದು, ಸಾಲದ ಕಾಗದಕ್ಕೆ ನಮ್ಮ ರುಜು ಬೀಳಬಹುದು, ಎಂಜಿನ್ ಕೂತ ದಿನ ಅಡವಿಗೆ ಹೋಗುವುದು ನಮ್ಮ ಬಳೆಗಳೇ ಆಗಿರಬಹುದು. ಆದರೆ "ಪಂಪ್ ಏರಿಸೋಣ" ಎಂದು ಮೆಕ್ಯಾನಿಕ್ ಹೇಳುವ ಹೊತ್ತಿಗೆ ಮಾತ್ರ ನಾವು ಚಹಾ ಕೊಟ್ಟು ಒಳಗೆ ಹೋಗಬೇಕು. ಈ ಕಾನೂನನ್ನು ನಾನು ಒಪ್ಪುವುದಿಲ್ಲ. ಬಳೆ ನಮ್ಮದಾದರೆ ಪ್ರಶ್ನೆಯೂ ನಮ್ಮದೇ.

ಪಂಪ್ ಏರಿಸುವುದೆಂದರೇನು? ಹಳೆಯ ಲಾರಿಗಳಲ್ಲಿ ಯಾವ ಸಿಲಿಂಡರಿಗೆ ಎಷ್ಟು ಡೀಸೆಲ್ ಹೋಗಬೇಕೆಂಬುದನ್ನು ಅಳೆದು ಬಿಡುವುದು ಈ ಪಂಪು. ಬೆಂಗಳೂರಿನಲ್ಲಿ ಕಾರ್ಖಾನೆಯಿರುವ, 1951ರಲ್ಲಿ ಶುರುವಾದ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿದ್ದರೂ ಲಾರಿಯವರ ಬಾಯಲ್ಲಿ ಅದು ಇನ್ನೂ ಮೈಕೋ ಪಂಪೇ. ಹೆಚ್ಚೆಂದರೆ ಇಷ್ಟೇ ಡೀಸೆಲ್ ಎಂದು ಅಳತೆ ಗೊತ್ತುಮಾಡಿ, ಆ ತಿರುಪು ಅಲುಗದಂತೆ ತಂತಿ ಬಿಗಿದು ಸೀಲು ಒತ್ತಿರುತ್ತಾರೆ. ಸೀಲು ಕಿತ್ತು ತಿರುಪು ತಿರುಗಿಸಿದರೆ ಡೀಸೆಲ್ ಹೆಚ್ಚು ಹೋಗುತ್ತದೆ, ಗಾಡಿ ಹೆಚ್ಚು ಎಳೆಯುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳಲ್ಲಿ ಈ ಅಳತೆ ಕಂಪ್ಯೂಟರಿನ ಕೈಯಲ್ಲಿದೆ. ಹಾಗಾಗಿ ಸ್ಕ್ರೂಡ್ರೈವರ್ ಹಿಡಿದವನ ಜಾಗಕ್ಕೆ ಲ್ಯಾಪ್‌ಟಾಪ್ ಹಿಡಿದವನು ಬಂದಿದ್ದಾನೆ. ಮಾತು ಮಾತ್ರ ಅದೇ: "ಏನೂ ಆಗಂಗಿಲ್ಲ ಬಿಡ್ರೀ ಅಕ್ಕಾರ."

ಆಗುತ್ತದೆ. ಕರೆಂಟು ಹೋದಾಗ ಲಾಟೀನು ಹಚ್ಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬತ್ತಿಯನ್ನು ಹದ ಮೀರಿ ಏರಿಸಿದರೆ ಬೆಳಕು ಹೆಚ್ಚುವುದಿಲ್ಲ; ಗಾಜು ಮಸಿ ಹಿಡಿದು, ಕಾದು, ಕೊನೆಗೆ ಸಿಡಿಯುತ್ತದೆ. ಎಣ್ಣೆ ಹೆಚ್ಚಾಯಿತು, ಗಾಳಿ ಸಾಲಲಿಲ್ಲ. ಘಾಟಿ ಏರುವ ಲಾರಿಯ ಹಿಂದೆ ಕರಿಹೊಗೆ ಕಂಡರೆ ಅದರ ಅರ್ಥವೂ ಇಷ್ಟೇ.

ಸಿಲಿಂಡರಿನೊಳಗಿನ ಬೆಂಕಿ ಎರಡು ಸಾವಿರ ಡಿಗ್ರಿ ದಾಟುತ್ತದೆ. ಪಿಸ್ಟನ್ನೋ ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಆ ಬೆಂಕಿ ಕ್ಷಣಕಾಲದ್ದು, ಸುತ್ತಲಿನ ನೀರೂ ಕೆಳಗಿನ ಎಂಜಿನ್ ಆಯಿಲೂ ಬಿಸಿಯನ್ನು ಹೊತ್ತೊಯ್ಯುತ್ತವೆ ಎಂಬ ಕಾರಣಕ್ಕೆ ಪಿಸ್ಟನ್ ಉಳಿದುಕೊಂಡಿದೆ. ಡೀಸೆಲ್ ಏರಿಸಿದರೆ ಬಿಸಿ ಏರುತ್ತದೆ, ಆದರೆ ರೇಡಿಯೇಟರ್ ದೊಡ್ಡದಾಗುವುದಿಲ್ಲ. ಉರಿಯದೆ ಉಳಿದ ಡೀಸೆಲ್ ಲೈನರಿನ ಮೇಲಿನ ಆಯಿಲಿನ ಪೊರೆಯನ್ನು ತೊಳೆದುಹಾಕಿ ರಿಂಗುಗಳನ್ನು ಸವೆಸುತ್ತದೆ. ಮಸಿ ಸೇರಿದ ಆಯಿಲು ಗಟ್ಟಿಯಾಗಿ ಬೇರಿಂಗುಗಳನ್ನು ತಿನ್ನುತ್ತದೆ. ಒತ್ತಡ ತಾಳದೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಇದ್ಯಾವುದೂ ಪಂಪ್ ಏರಿಸಿದ ದಿನ ಆಗುವುದಿಲ್ಲ. ಅದಕ್ಕೇ ಮೆಕ್ಯಾನಿಕ್ ಧೈರ್ಯವಾಗಿ ಮಾತು ಕೊಡುತ್ತಾನೆ.

ಇದಕ್ಕೆ ಒಂದು ವಾದವಿದೆ. "ಕಂಪನಿಯವರು ಬೇಕೆಂದೇ ಶಕ್ತಿ ಕಟ್ಟಿಹಾಕಿರುತ್ತಾರೆ, ಅದೇ ಎಂಜಿನ್ನನ್ನು ಬೇರೆ ಕಡೆ ಹೆಚ್ಚು ಶಕ್ತಿಗೆ ಮಾರುವುದಿಲ್ಲವೇ?" ಮಾರುತ್ತಾರೆ. ಕಮ್ಮಿನ್ಸ್ ಕಂಪನಿಯ 5.9 ಲೀಟರಿನ ಎಂಜಿನ್ ಅಮೆರಿಕದ ಡಾಡ್ಜ್ ಪಿಕಪ್‌ನಲ್ಲಿ 1989ರಲ್ಲಿ 160 ಅಶ್ವಶಕ್ತಿಯದು, 2004ರ ಹೊತ್ತಿಗೆ 325. ಆದರೆ ನಡುವಿನ ಹದಿನೈದು ವರ್ಷಗಳಲ್ಲಿ ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಂತು, 12 ವಾಲ್ವು ಇದ್ದದ್ದು 24 ಆಯಿತು, ಪಂಪಿನ ಕ್ರಮವೇ ಬದಲಾಗಿ ಕಾಮನ್ ರೈಲ್ ಬಂತು. ಗಾಳಿ ತಂದು, ಬಿಸಿಗೆ ದಾರಿ ಮಾಡಿ, ಆಮೇಲೆ ಡೀಸೆಲ್ ಕೊಟ್ಟರು. ಅದೇ ಜಾತಿಯ ಎಂಜಿನ್ನನ್ನು ಆಗೊಮ್ಮೆ ಈಗೊಮ್ಮೆ ಓಡುವ ಮೋಜಿನ ದೋಣಿಗೆ ಹೆಚ್ಚು ಶಕ್ತಿಗೂ, ದಿನವಿಡೀ ದುಡಿಯುವ ದೋಣಿಗೆ ಕಡಿಮೆ ಶಕ್ತಿಗೂ ಕೊಡುವುದುಂಟು. ಯಾಕೆಂದರೆ ಎಂಜಿನ್ನಿನ ಆಯಸ್ಸು ಅದರಲ್ಲಿ ಎಷ್ಟು ಶಕ್ತಿ ಇದೆ ಎಂಬುದರ ಮೇಲಲ್ಲ, ಎಷ್ಟನ್ನು ಎಷ್ಟು ಹೊತ್ತು ಹಿಂಡುತ್ತೇವೆ ಎಂಬುದರ ಮೇಲೆ ನಿಂತಿದೆ. ಶಕ್ತಿ ಏರಿಸಿ, ಲೋಡು ಹಾಗೇ ಇಟ್ಟು, ಏರಿನಲ್ಲಿ ಎರಡು ನಿಮಿಷ ಮಾತ್ರ ಅದನ್ನು ಬಳಸಿದರೆ ಅಷ್ಟೇನೂ ಹಾನಿಯಿಲ್ಲ. ಆದರೆ ಹೇಳಿ, ಪಂಪ್ ಏರಿಸಿಯೂ ಲೋಡು ಏರಿಸದವರನ್ನು ನೀವು ಕಂಡಿದ್ದೀರಾ?

ನಾನಂತೂ ಕಾಣೆ. ಅದಿರಿನ ವರ್ಷಗಳಲ್ಲಿ ಸಂಡೂರು, ಹೊಸಪೇಟೆಗಳಿಂದ ಅರಬೈಲು ಘಾಟಿ ಇಳಿದು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ಲಾರಿಗಳ ಸಾಲನ್ನು ಈ ಕಡೆಯ ಯಾರೂ ಮರೆತಿಲ್ಲ. ಟ್ರಿಪ್ಪು ಹೆಚ್ಚಬೇಕು, ಟನ್ನು ಹೆಚ್ಚಬೇಕು, ಅದಕ್ಕೆ ಎಳೆತ ಹೆಚ್ಚಬೇಕು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ಮನೆಮುಂದೆ ನಿಂತವು. ಕಂತು ಇನ್ನೂ ಉಳಿದಿತ್ತು, ಎಂಜಿನ್ ಮುಗಿದಿತ್ತು. ಮಾರೋಣವೆಂದರೆ ಬಂದವನು ಸ್ಟಾರ್ಟ್ ಮಾಡಿಸಿ ಹೊಗೆ ನೋಡಿ ಅರ್ಧ ಬೆಲೆಗೆ ಕೇಳುತ್ತಿದ್ದ. ಹೆಚ್ಚಿಗೆ ತುಂಬಿದ ಟನ್ನಿನ ದುಡ್ಡು ಯಾರ ಯಾರ ಕೈಗೋ ಹೋಯಿತು. ಬೋರ್ ಕೆಲಸದ ಬಿಲ್ಲು ಮಾತ್ರ ತಪ್ಪದೆ ಮನೆಯ ಬಾಗಿಲಿಗೇ ಬಂತು.

ಹೆಚ್ಚು ಶಕ್ತಿ ಬೇಕಾದವರು ಹೆಚ್ಚು ಶಕ್ತಿಯ ಲಾರಿಯನ್ನೇ ಕೊಳ್ಳಲಿ. ಅದರ ಪಿಸ್ಟನ್, ಕ್ಲಚ್, ಗೇರ್‌ಬಾಕ್ಸ್, ರೇಡಿಯೇಟರ್ ಎಲ್ಲವೂ ಆ ಲೆಕ್ಕಕ್ಕೇ ಇರುತ್ತವೆ. ಅಷ್ಟು ದುಡ್ಡಿಲ್ಲವೆಂದರೆ ಲೋಡು ಇಳಿಸಲಿ, ಏರಿನಲ್ಲಿ ಗೇರು ಇಳಿಸಲಿ, ಅರ್ಧ ಗಂಟೆ ತಡವಾಗಿ ಮುಟ್ಟಲಿ. ತಿರುಪಿನಿಂದ ಬರುವ ಶಕ್ತಿ ಪುಕ್ಕಟೆಯದಲ್ಲ. ಎಂಜಿನ್ನಿನ ಮುಂದಿನ ವರ್ಷಗಳನ್ನು ಅಡವಿಟ್ಟು ತಂದದ್ದು.

ಆದ್ದರಿಂದ ಮುಂದಿನ ಸಲ ಚಹಾ ಕೊಟ್ಟು ಒಳಗೆ ಹೋಗಬೇಡಿ. ಲೋಟ ಕೆಳಗಿಟ್ಟು ಮೂರೇ ಮಾತು ಕೇಳಿ: ಹೆಚ್ಚಿಗೆ ಬಿಡುವ ಡೀಸೆಲ್‌ಗೆ ಗಾಳಿ ಎಲ್ಲಿಂದ ತರುತ್ತೀರಿ? ಹೆಚ್ಚಿದ ಬಿಸಿ ಎಲ್ಲಿಗೆ ಹೋಗುತ್ತದೆ? ಎಂಜಿನ್ ಬಿಚ್ಚುವ ದಿನ ದುಡ್ಡು ಯಾರು ಕೊಡುತ್ತಾರೆ? ಮೂರಕ್ಕೂ ಉತ್ತರ ಬರುವ ತನಕ ಸೀಲು ಅಲ್ಲೇ ಇರಲಿ.