ಅಕ್ಕಡಿ ಸಾಲಿಗೆ ಮಾರ್ಕ್ಸ್ ಹಾಕೋರು ಯಾರು?

ತುಮಕೂರು ಮಂಡಿಪೇಟೆಯ ಯಾವುದಾದರೂ ಅಂಗಡಿ ಮೆಟ್ಟಿಲು ಹತ್ತಿ, "ಸಾವ್ಕಾರ್ರೇ, ಚಟ್ನಿಪುಡಿಗೆ ಒಂದು ಸೇರು ಹುಚ್ಚೆಳ್ಳು ಕೊಡಿ" ಅಂತ ಕೇಳಿ ನೋಡಿ. "ಎಲ್ಲಿ ಬರ್ತದಮ್ಮಾ ಈಗ? ಬಂದ್ರೂ ಹೊರಗಿನ ಮಾಲು" ಎಂಬ ಉತ್ತರ ಬಂದರೆ ಸಾವ್ಕಾರರ ಮೇಲೆ ಸಿಟ್ಟಾಗಬೇಡಿ. ತಪ್ಪು ಅವರದಲ್ಲ. ಹುಚ್ಚೆಳ್ಳು ಅಂಗಡಿಯಿಂದ ಮಾಯವಾಗುವ ಮೊದಲೇ ಹೊಲದಿಂದ ಮಾಯವಾಗಿದೆ. ಹೊಲದಲ್ಲಿ ಅದಕ್ಕೊಂದು ಜಾಗವಿತ್ತು. ಅದರ ಹೆಸರು ಅಕ್ಕಡಿ ಸಾಲು.

ಪೇಟೆ ಮಕ್ಕಳಿಗೆ ಅಕ್ಕಡಿ ಎಂದರೆ ಗೊತ್ತಿರಲಿಕ್ಕಿಲ್ಲ. ರಾಗಿ ಹೊಲದಲ್ಲಿ ಬರೀ ರಾಗಿ ಬಿತ್ತುತ್ತಿರಲಿಲ್ಲ. ಕೂರಿಗೆಯಲ್ಲಿ ರಾಗಿ ಹೋಗುತ್ತಿದ್ದರೆ, ಹಿಂದೆ ಹಗ್ಗಕ್ಕೆ ಕಟ್ಟಿದ ಸಡ್ಡೆ ಹಿಡಿದು ಮನೆಯ ಹೆಂಗಸು ನಡೆಯುತ್ತಿದ್ದಳು. ಅಷ್ಟು ಸಾಲು ರಾಗಿಗೆ ಇಷ್ಟು ಸಾಲು ಅಕ್ಕಡಿ. ಆ ಸಾಲಿಗೆ ಅವರೆ, ತೊಗರಿ, ಅಲಸಂದೆ, ಜೋಳ, ಸಾಸಿವೆ, ಹುಚ್ಚೆಳ್ಳು. ಬದುವಿನ ಮೇಲೆ ನಾಲ್ಕು ಹರಳು ಗಿಡ. ಒಂದು ಎಕರೆ ಹೊಲ ಅಂದರೆ ಮನೆಯ ಅರ್ಧ ದಿನಸಿ ಅಂಗಡಿ. ಹಿಟ್ಟು, ಬೇಳೆ, ಎಣ್ಣೆ, ಒಗ್ಗರಣೆ ಎಲ್ಲಾ ಅಲ್ಲೇ. ಉಪ್ಪಿಗೆ ಮಾತ್ರ ಸಂತೆಗೆ ಹೋಗಬೇಕು.

ಕಲಬೆರಕೆಯಲ್ಲ, ಲೆಕ್ಕಾಚಾರ

ನೋಡೋರ ಕಣ್ಣಿಗೆ ಅದು ಕಲಬೆರಕೆ ಹೊಲ. ನಿಜದಲ್ಲಿ ಅಲ್ಲಿ ಪ್ರತಿ ಗಿಡಕ್ಕೂ ಒಂದು ಕೆಲಸ ಇತ್ತು. ಅವರೆ, ತೊಗರಿ, ಅಲಸಂದೆ ಬೇರಿನಲ್ಲಿ ಪುಟ್ಟ ಗಂಟುಗಳಿರುತ್ತವೆ. ಅದರೊಳಗೆ ರೈಜೋಬಿಯಂ ಎಂಬ ಸೂಕ್ಷ್ಮಾಣು ಕೂತು ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಸಿಗುವಂತೆ ಮಾಡುತ್ತದೆ. ಚೀಲದಲ್ಲಿ ಬರುವ ಯೂರಿಯಾ ಮಾಡುವುದೂ ಸಾರಜನಕ ಒದಗಿಸುವ ಕೆಲಸವನ್ನೇ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತೆ. ಜೋಳದ ತೆನೆ ಮೇಲೆ ಕೂತ ಹಕ್ಕಿ ನಾಲ್ಕು ಕಾಳೂ ತಿನ್ನುತ್ತೆ, ಪಕ್ಕದ ಅವರೆಯ ಕಾಯಿಕೊರಕ ಹುಳಾನೂ ತಿನ್ನುತ್ತೆ. ತೊಗರಿಯ ಬೇರು ಆಳಕ್ಕೆ ಇಳಿಯುತ್ತೆ. ಮಳೆ ಕೈಕೊಟ್ಟು ರಾಗಿ ಒಣಗಿದರೂ ತೊಗರಿ ಮನೆಯವರ ಕೈ ಹಿಡಿಯುತ್ತೆ. ಕೊಯ್ಲೂ ಒಂದೇ ದಿನ ಅಲ್ಲ. ರಾಗಿ ಮೊದಲು, ಇಬ್ಬನಿ ಬೀಳೋ ಕಾಲಕ್ಕೆ ಸೊಗಡಿನ ಅವರೆ, ಆಮೇಲೆ ತೊಗರಿ. ಮನೆಗೆ ತಿಂಗಳುಗಟ್ಟಲೆ ಏನಾದರೊಂದು ಬರುತ್ತಲೇ ಇರುತ್ತೆ. ರಾಗಿ ಹುಲ್ಲು, ಜೋಳದ ದಂಟು ದನದ ಬಾಯಿಗೆ, ದನದ ಗೊಬ್ಬರ ಮತ್ತೆ ಹೊಲಕ್ಕೆ.

ಇದಕ್ಕೆ ಈಗ ಪ್ರಪಂಚದಲ್ಲಿ ದೊಡ್ಡ ಹೆಸರು ಬಂದಿದೆ. ಕೃಷಿ ಪರಿಸರ ವಿಜ್ಞಾನ ಅಂತೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ರೋಮ್ ನಗರದಲ್ಲಿ ಈ ವಿಷಯದ ಮೇಲೆ ಅಂತಾರಾಷ್ಟ್ರೀಯ ಸಮಾವೇಶ ನಡೆಸಿತು. 2019ರಲ್ಲಿ ಇದಕ್ಕೆ ಹತ್ತು ಅಂಶಗಳ ಪಟ್ಟಿಯನ್ನೂ ಒಪ್ಪಿಕೊಂಡಿತು. ವೈವಿಧ್ಯ, ಮರುಬಳಕೆ, ಜ್ಞಾನ ಹಂಚಿಕೆ, ಆಹಾರ ಸಂಪ್ರದಾಯ ಅಂತ ಅದರಲ್ಲಿ ಬರುತ್ತದೆ. ಸಡ್ಡೆ ಹಿಡಿದ ಗುಬ್ಬಿ, ಕುಣಿಗಲ್ ಕಡೆಯ ಅಜ್ಜಿಗೆ ರೋಮ್ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಪಟ್ಟಿಯಲ್ಲಿದ್ದ ಬಹುಪಾಲು ವಿಷಯ ಮಾತ್ರ ಅವಳ ಮಡಿಲಲ್ಲಿತ್ತು.

ವಿಜ್ಞಾನಕ್ಕೆ ಬೈದರೆ ಹೊಟ್ಟೆ ತುಂಬಲ್ಲ

ಹಾಗಂತ ಹಳೇದೆಲ್ಲಾ ಹೊನ್ನು, ವಿಜ್ಞಾನಿಗಳೆಲ್ಲಾ ಹಾಳು ಅನ್ನೋದು ಕಟ್ಟೆ ಮೇಲೆ ಕೂತೋರ ಮಾತು. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೂ ಆಫ್ರಿಕಾದ ರಾಗಿಗೂ ನಂಟು ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಆ ಹೆಸರಲ್ಲೇ ಇಂಡಿಯಾ, ಆಫ್ರಿಕಾ ಎರಡೂ ಇವೆ. ಒಣಭೂಮಿಯ ಎಷ್ಟೋ ಮನೆಗಳ ಕಣಜ ತುಂಬಿದ್ದು ಆ ತಳಿಗಳಿಂದ. ಆಮೇಲೆ 1996ರಲ್ಲಿ ಬೆಂಕಿ ರೋಗ ತಡೆಯುವ ಜಿಪಿಯು-28 ಬಂತು. ಇವತ್ತು ಮುದ್ದೆ ಮುರಿಯುವ ಯಾರೂ ಆ ಋಣ ಮರೆಯೋ ಹಾಗಿಲ್ಲ.

ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಶುರುವಾಗಿದ್ದು 1964ರಲ್ಲಿ. ಅದರ ಜಿಕೆವಿಕೆ ಆವರಣದಲ್ಲಿ 1978ರಿಂದ ಒಂದು ಪ್ರಯೋಗ ಸದ್ದಿಲ್ಲದೆ ನಡೆದು ಬಂದಿದೆ. ಅದೇ ತಾಕು, ಅದೇ ಕೆಂಪು ಮಣ್ಣು, ರಾಗಿ ಬೆಳೆ. ಒಂದು ತಾಕಿಗೆ ಬರೀ ರಾಸಾಯನಿಕ ಗೊಬ್ಬರ, ಇನ್ನೊಂದಕ್ಕೆ ಕೊಟ್ಟಿಗೆ ಗೊಬ್ಬರ, ಮತ್ತೊಂದಕ್ಕೆ ಎರಡೂ. ದಶಕಗಳ ಲೆಕ್ಕದಲ್ಲಿ ತೇಲಿ ಬಂದದ್ದು ಏನು? ಬರೀ ರಾಸಾಯನಿಕ ಹಾಕಿದ ತಾಕಿನ ಇಳುವರಿ ವರ್ಷ ಕಳೆದಂತೆ ಸೊರಗಿತು. ಕೊಟ್ಟಿಗೆ ಗೊಬ್ಬರವೂ ಸೇರಿದ ತಾಕು ನಿಂತುಕೊಂಡಿತು. ಮಣ್ಣಿಗೆ ಹೊಟ್ಟೆ ಇದೆ, ಅದಕ್ಕೂ ಊಟ ಬೇಕು ಎಂದು ಹಳ್ಳಿಯವರು ಹೇಳುತ್ತಿದ್ದುದನ್ನು ವಿಜ್ಞಾನಿಗಳು ತೂಕ ಹಾಕಿ ತೋರಿಸಿದ್ದಾರೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬ ಶಿಫಾರಸನ್ನೂ ಅದೇ ವಿಶ್ವವಿದ್ಯಾನಿಲಯ ಕೊಟ್ಟಿದೆ. ಅಂದಮೇಲೆ ಅಕ್ಕಡಿ ಪುಸ್ತಕದಲ್ಲಿ ಇಲ್ಲ ಅನ್ನೋ ಹಾಗೂ ಇಲ್ಲ.

ಮತ್ತೆ ಎಡವಟ್ಟು ಎಲ್ಲಿ? ಅಳತೆಗೋಲಿನಲ್ಲಿ. ಎಕರೆಗೆ ಎಷ್ಟು ಕ್ವಿಂಟಲ್ ರಾಗಿ ಎಂದು ಕೇಳುವ ವರದಿಯಲ್ಲಿ, ಮಡಿಕೆ ತುಂಬಾ ಬಂದ ಸಾಸಿವೆಗೆ ಕಾಲಂ ಇಲ್ಲ. ದನ ತಿಂದ ದಂಟಿಗೆ ಕಾಲಂ ಇಲ್ಲ. ಮನೆಯವರು ಕೊಳ್ಳದೆ ಉಳಿಸಿದ ಬೇಳೆಗೆ ಕಾಲಂ ಇಲ್ಲ. ಮುಂದಿನ ವರ್ಷಕ್ಕೆ ಮಣ್ಣಿನಲ್ಲಿ ಉಳಿದ ಸತ್ವಕ್ಕಂತೂ ಇಲ್ಲವೇ ಇಲ್ಲ. ಒಂದೇ ಬೆಳೆ ಹಾಕಿದವನು ಹೆಚ್ಚು ರಾಗಿ ತೋರಿಸಿ ಪ್ರಗತಿಪರನಾದ. ಏಳು ಬೆಳೆ ಬೆಳೆದವನು ಹಿಂದುಳಿದವನಾದ.

ರೈತ ಬಿಟ್ಟಿದ್ದು ಯಾಕೆ?

ರೈತನಿಗೆ ಬುದ್ಧಿ ಹೇಳೋದು ಸುಲಭ. ಅಕ್ಕಡಿ ಸಾಲು ಕೈ ಕೆಲಸ ಕೇಳುತ್ತೆ. ಏಳು ಬೆಳೆಗೆ ಏಳು ಸಲ ಹೊಲಕ್ಕೆ ಹೋಗಬೇಕು. ಹಳ್ಳಿ ಹುಡುಗರು ಬೆಳಗಿನ ಬಸ್ಸಿಗೆ ತುಮಕೂರಿನ ಫ್ಯಾಕ್ಟರಿಗೆ, ಬೆಂಗಳೂರಿಗೆ ಹೊರಡುತ್ತಾರೆ. ಉಳಿದವರು ವಯಸ್ಸಾದ ಅಪ್ಪ ಅವ್ವ. ಕಳೆ ಕೀಳಲು ಆಳು ಸಿಗದೆ ಕಳೆನಾಶಕ ಹೊಡೆಯುತ್ತಾರೆ. ಅಗಲ ಎಲೆಯ ಕಳೆ ಸಾಯಿಸುವ ಔಷಧಿಗೆ ಅವರೆ ಯಾವುದು, ಕಳೆ ಯಾವುದು ಅಂತ ಗೊತ್ತಾ? ಅದೂ ಸಾಯುತ್ತೆ. ಕೊಯ್ಲಿಗೆ ಮಿಷನ್ ಬಂತು. ಮಿಷನ್ನಿಗೆ ಒಂದೇ ಎತ್ತರದ, ಒಂದೇ ದಿನ ಮಾಗಿದ ಬೆಳೆ ಬೇಕು. ನಡುವೆ ಜೋಳ, ತೊಗರಿ ನಿಂತಿದ್ದರೆ ಡ್ರೈವರ್ "ಆಗಲ್ಲ ಗೌಡ್ರೇ" ಅಂತಾನೆ.

ಆದ್ದರಿಂದ ಅಕ್ಕಡಿ ಉಳಿಸಿ ಎಂದು ಭಾಷಣ ಮಾಡಿದರೆ ಉಳಿಯೋದಿಲ್ಲ. ಮಿಶ್ರ ಸಾಲಿನಲ್ಲಿ ಓಡಾಡುವ ಸಣ್ಣ ಯಂತ್ರ, ಬೆನ್ನು ಬಾಗದೆ ಕಳೆ ತೆಗೆಯುವ ಸಲಕರಣೆ, ಯಾವ ತಳಿ ರಾಗಿಯ ಪಕ್ಕ ಯಾವ ತಳಿ ಅವರೆ ಹೊಂದುತ್ತೆ ಎಂಬ ಲೆಕ್ಕ, ಇವು ರೈತನ ಕೈಗೆ ಬರಬೇಕು. ಸಂಶೋಧನೆ ಅಂದರೆ ಇದೇ ಸ್ವಾಮಿ. ಒಂದೊಂದು ಬೆಳೆಗೆ ಒಬ್ಬೊಬ್ಬ ತಜ್ಞರು ಬೇರೆ ಬೇರೆ ಕೊಠಡಿಯಲ್ಲಿ ಕೂತರೆ ಆಗೋದಲ್ಲ. ಹೊಲ ಒಂದೇ ಇರೋದರಿಂದ ಅವರೆಲ್ಲಾ ಒಂದೇ ಬದುವಿನ ಮೇಲೆ ನಿಲ್ಲಬೇಕು.

ಪರೀಕ್ಷೆ ಹೊಲದಲ್ಲಿ ಆಗಲಿ

ಕೃಷಿ ಪದವಿಗೆ ರೈತರ ಮಕ್ಕಳ ಕೋಟಾದಲ್ಲಿ ಸೇರುವವರಿಗೆ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಕಳೆ, ಗೊಬ್ಬರ, ಸಲಕರಣೆ ಮುಂದಿಟ್ಟು ಇದೇನು ಅದೇನು ಅಂತ ಕೇಳುತ್ತಾರೆ. ಒಳ್ಳೆಯದೇ. ಆದರೆ ಹುಚ್ಚೆಳ್ಳನ್ನು ಬಟ್ಟಲಲ್ಲಿ ಗುರುತಿಸೋದು ಬೇರೆ, ಹೊಲದಲ್ಲಿ ಅದನ್ನು ಯಾವ ಸಾಲಿಗೆ ಯಾಕೆ ಹಾಕಬೇಕು ಅಂತ ತಿಳಿಯೋದು ಬೇರೆ. ಪದವಿಯ ಕೊನೇ ವರ್ಷದಲ್ಲಿ ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಯಲ್ಲಿ ಉಳಿದು ಕೆಲಸ ಕಲಿಯುವ ಕಾರ್ಯಕ್ರಮವೂ ಇದೆ. ಹೋದವರು ರೈತರಿಗೆ ಬೀಜೋಪಚಾರ ತೋರಿಸುತ್ತಾರೆ, ವಸ್ತುಪ್ರದರ್ಶನ ಮಾಡುತ್ತಾರೆ. ಬೇಡ ಅನ್ನೋರು ಯಾರು? ಆದರೆ ಬರುವಾಗ ಆ ಊರಿನಿಂದ ಏನು ಕಲಿತು ಬಂದರು ಎಂಬುದಕ್ಕೂ ಅಷ್ಟೇ ಅಂಕ ಬೇಕಲ್ಲವೇ?

ಒಂದು ಮನೆ, ಒಂದು ಹೊಲ, ಒಂದು ಮುಂಗಾರು. ಬಿತ್ತನೆಯಿಂದ ಕಣದವರೆಗೆ ವಿದ್ಯಾರ್ಥಿ ಲೆಕ್ಕ ಬರೆಯಲಿ. ಎಷ್ಟು ಕಾಳು, ಎಷ್ಟು ಮೇವು, ಎಷ್ಟು ಕೂಲಿ, ಎಷ್ಟು ಸಾಲ, ಮಣ್ಣು ಏನಾಯಿತು. ಬದುವಿನ ಹೊಂಗೆ, ಊರ ಗುಂಡುತೋಪು, ಕೆರೆಯ ಗೋಡು ಮಣ್ಣು ಹೊಲಕ್ಕೆ ಏನು ಕೊಟ್ಟವು ಅನ್ನೋದನ್ನೂ ಸೇರಿಸಲಿ. ಹೊಲ ಬದುವಿಗೇ ಮುಗಿಯೋದಿಲ್ಲ. ಅಂಕ ಹಾಕುವಾಗ ಮೇಷ್ಟ್ರ ಜೊತೆ ಆ ಮನೆಯ ಯಜಮಾನಿಯೂ ಕೂರಲಿ. ನಗಬೇಡಿ. 1905ರಲ್ಲಿ ಇಂಗ್ಲೆಂಡಿನಿಂದ ಇಲ್ಲಿಗೆ ಬಂದ ಸಸ್ಯವಿಜ್ಞಾನಿ ಆಲ್ಬರ್ಟ್ ಹೋವರ್ಡ್, ಈ ದೇಶದ ರೈತರನ್ನೇ ತಮ್ಮ ಪ್ರೊಫೆಸರ್ ಎಂದು ಒಪ್ಪಿಕೊಂಡವರು. ಇಂದೋರಿನಲ್ಲಿ ಅವರು ರೂಪಿಸಿದ ಕಾಂಪೋಸ್ಟ್ ವಿಧಾನ ಪ್ರಪಂಚ ಸುತ್ತಿತು. ದೊರೆಗಳ ಕಾಲದ ಬಿಳಿಯ ಅಧಿಕಾರಿಗೆ ಆಗದ ಅವಮಾನ ಇವತ್ತಿನವರಿಗೆ ಯಾಕೆ ಆಗಬೇಕು?

ಈ ಜಿಲ್ಲೆಯಲ್ಲೇ ಒಳ್ಳೆಯ ಉದಾಹರಣೆ ಇದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಜಮೀನಿನಲ್ಲಿದ್ದ ಕೆಂಪು ತೊಳೆಯ ಹಲಸಿನ ಮರವನ್ನು ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗುರುತಿಸಿದರು. ಅದೇ ಇವತ್ತಿನ ಸಿದ್ದು ಹಲಸು. 2017ರಲ್ಲಿ ಸಸಿ ಮಾಡಿ ಮಾರುವ ಒಪ್ಪಂದವಾದಾಗ ಆದಾಯದ ದೊಡ್ಡ ಪಾಲು ಮರ ಸಾಕಿದ ಮನೆಗೇ ಸಿಗುವಂತೆ ಮಾಡಿದರು. ಹೀಗೆ ಒಂದು ಮರಕ್ಕೆ ಆದದ್ದು ಒಂದು ಬೇಸಾಯ ಪದ್ಧತಿಗೆ ಯಾಕಾಗಬಾರದು?

ಪಾವಗಡ, ಮಧುಗಿರಿ ಗಡಿ ದಾಟಿದರೆ ಆಂಧ್ರ. ಅಲ್ಲಿ 2016ರಿಂದ ಸರ್ಕಾರವೇ ಸಹಜ ಕೃಷಿ ಕಾರ್ಯಕ್ರಮ ನಡೆಸಿಕೊಂಡು ಬಂದಿದೆ. ಮುಂಗಾರಿಗೆ ಮುಂಚೆಯೇ ನಾನಾ ಬೀಜ ಬೆರೆಸಿ ಬಿತ್ತಿ ನೆಲ ಹಸಿರಾಗಿಡುತ್ತಾರೆ. ಪಾಠ ಹೇಳೋರಲ್ಲಿ ಮಹಿಳಾ ಸಂಘದವರು, ಮಾಡಿ ನೋಡಿದ ರೈತರು ಇದ್ದಾರೆ. ಅವಸರ ಬೇಡ ಅನ್ನೋದಕ್ಕೂ ಪಾಠ ಇದೆ. 2021ರಲ್ಲಿ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿ, ಭತ್ತ ಬೆಳೆಯುವವರು ಕಂಗಾಲಾಗಿ, ಅದೇ ವರ್ಷದ ಕೊನೆಗೆ ಆಜ್ಞೆ ಹಿಂದಕ್ಕೆ ತೆಗೆದುಕೊಂಡಿತು. ಮಣ್ಣು ಗೆಜೆಟ್ ಓದೋದಿಲ್ಲ. ಅದಕ್ಕೆ ಸಮಯ ಬೇಕು, ತಿಳಿದವರ ಕೈ ಬೇಕು.

ಅಂಗಡಿಗೂ ಬಸ್ಸಿಗೂ ಏನು ಸಂಬಂಧ?

ಇದೆಲ್ಲಾ ರೈತರ ವಿಷಯ, ಪೇಟೆಯವರಿಗೇನು ಅಂತ ಕೇಳೋರಿದ್ದಾರೆ. ಸಾಂಬಾರಿಗೆ ಹಾಕುವ ತೊಗರಿ ಮೊಜಾಂಬಿಕ್‌ನಿಂದ, ಮ್ಯಾನ್ಮಾರ್‌ನಿಂದ ಹಡಗು ಹತ್ತಿ ಬರುತ್ತಿದೆ. ಅಲ್ಲಿ ಮಳೆ ಹೋದರೆ ಇಲ್ಲಿ ಹೋಟೆಲಿನ ಸಾಂಬಾರು ನೀರಾಗುತ್ತೆ. 2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ಕೊಪ್ಪಳ, ಗದಗ ಮೊದಲಾದ ಕಡೆ ರೈತರು ಬೆಳಗಾಗುವ ಮುಂಚೆ ಸಾಲು ನಿಂತರು. 45 ಕಿಲೋ ಚೀಲ ರೈತನಿಗೆ 266 ರೂಪಾಯಿ ಚಿಲ್ಲರೆಗೆ ಸಿಗಬೇಕಾದರೆ ಉಳಿದ ದುಡ್ಡು ಸರ್ಕಾರದ ಬೊಕ್ಕಸದಿಂದ ಹೋಗುತ್ತೆ. ಅಂಗಡಿಯವರು, ಬಸ್ಸಿನಲ್ಲಿ ನಿಂತು ಹೋಗೋರು ಕಟ್ಟಿದ ತೆರಿಗೆಯೂ ಅದರಲ್ಲಿದೆ.

ಇನ್ನು ಬೆಂಬಲ ಬೆಲೆ. 2025-26ರ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ ಗೊತ್ತು ಮಾಡಿತು. ಹುಚ್ಚೆಳ್ಳಿಗೆ 9,537. ಹತ್ತಿರ ಹತ್ತಿರ ಎರಡರಷ್ಟು! ಆದರೆ ಘೋಷಣೆ ಒಂದು, ತೂಕ ಹಾಕುವ ಕಾಟಾ ಮತ್ತೊಂದು. ಹತ್ತು ಸೇರು ಹುಚ್ಚೆಳ್ಳು ಹೊತ್ತು ತಂದವನು ಯಾವ ಕೌಂಟರಿನಲ್ಲಿ ನಿಲ್ಲಬೇಕು? ಅವರೆ, ಹುರುಳಿ, ಅಲಸಂದೆಯ ಹೆಸರಂತೂ ಬೆಂಬಲ ಬೆಲೆಯ ಪಟ್ಟಿಯಲ್ಲೇ ಇಲ್ಲ. 2023ನ್ನು ಸಿರಿಧಾನ್ಯ ವರ್ಷ ಎಂದು ವಿಶ್ವಸಂಸ್ಥೆಯೇ ಆಚರಿಸಿತು. ರಾಗಿ ಬಿಸ್ಕತ್ತು ಬಣ್ಣದ ಡಬ್ಬಿ ಸೇರಿತು. ರಾಗಿಯ ಪಕ್ಕದ ಸಾಲಿನಲ್ಲಿ ನಿಂತಿದ್ದ ನೆಂಟರನ್ನು ಮಾತ್ರ ಯಾರೂ ಕರೆಯಲಿಲ್ಲ.

ಇಲ್ಲಿ ಮಂಡಿಯವರ ಕೈಯಲ್ಲೂ ಒಂದು ಕೆಲಸ ಇದೆ. ಸುಗ್ಗಿಯ ಎರಡು ತಿಂಗಳು ವಾರಕ್ಕೊಂದು ದಿನ ಚಿಲ್ಲರೆ ಕಾಳು ಕೊಳ್ಳುವುದಕ್ಕೆ ಇಡಲಿ. ಐದು ಸೇರು ಸಾಸಿವೆ, ಹತ್ತು ಸೇರು ಅಲಸಂದೆ ತಂದರೂ "ಇಷ್ಟಕ್ಕೆಲ್ಲಾ ಯಾಕಪ್ಪಾ ಬಂದೆ" ಅನ್ನದೆ ತೂಗಿ ದುಡ್ಡು ಕೊಡಲಿ. ಗಿರಾಕಿಗಳು "ಇದು ಯಾವ ಊರಿನ ಕಾಳು?" ಅಂತ ಒಂದು ಮಾತು ಕೇಳಲಿ. ಮಾಲು ಹೋಗುತ್ತೆ ಅಂತ ಖಾತ್ರಿಯಾದರೆ ರೈತ ಮತ್ತೆ ಸಡ್ಡೆ ಹುಡುಕುತ್ತಾನೆ.

ವಿಶ್ವವಿದ್ಯಾನಿಲಯದವರು ಲೆಕ್ಕದ ಕಾಲಂ ಬದಲಿಸಲಿ, ಸರ್ಕಾರ ಕಾಟಾ ತೆರೆಯಲಿ, ವರ್ತಕರು ಬಾಗಿಲು ತೆರೆಯಲಿ. ಹುಚ್ಚೆಳ್ಳು, ಅವರೆಯ ನಾಟಿ ಬೀಜ ಇನ್ನೂ ಕೆಲವು ಮನೆಗಳ ಅಟ್ಟದ ಮೇಲೆ ಬೂದಿ ಬೆರೆಸಿದ ಮಡಿಕೆಯಲ್ಲಿದೆ. ಅದನ್ನು ಯಾವ ಸಾಲಿಗೆ ಹಾಕಬೇಕು ಅಂತ ಬಲ್ಲ ಅಜ್ಜಿಯರೂ ಇನ್ನೂ ಇದ್ದಾರೆ. ಬೀಜವನ್ನು ಶೀತಲ ಕೋಣೆಯಲ್ಲಿ ಇಟ್ಟು ಉಳಿಸಬಹುದು. ಅಜ್ಜಿಯ ತಿಳಿವಳಿಕೆಗೆ ಶೀತಲ ಕೋಣೆ ಇಲ್ಲ. ಅದನ್ನು ಕಲಿಯೋದಿದ್ದರೆ ಮುಂದಿನ ಮುಂಗಾರಿಗೇ ಹೋಗಬೇಕು, ಪುಸ್ತಕ ಹಿಡಿದು ಅವಳ ಹಿಂದೆ ಸಾಲಿನಲ್ಲಿ ನಡೆಯಬೇಕು.