ಸಾಮಗ್ರಿ ಕೊಟ್ಟವನಿಗೆ ಜಾಮೀನು ಯಾರು?

ಪರರು ಕೊಡದೆ ಇದ್ದ ವಸ್ತುವನ್ನು ತೆಗೆದುಕೊಳ್ಳುವುದು ಕಳವು ಎಂಬುದು ಅಚೌರ್ಯಾಣುವ್ರತದ ಮೊದಲ ಪಾಠ. ಶ್ರಾವಕ ಮನೆತನಗಳ ಮಕ್ಕಳೂ ಇದನ್ನು ಬಲ್ಲರು. ಆದರೆ ಕೊಟ್ಟ ವಸ್ತುವನ್ನು ತೆಗೆದುಕೊಂಡು, ಅದರಿಂದ ಕಟ್ಟಡವನ್ನು ಎಬ್ಬಿಸಿ, ಬೆಲೆಯನ್ನು ಮಾತ್ರ ಕೊಡದೆ ಉಳಿಸಿಕೊಳ್ಳುವುದಕ್ಕೆ ಏನೆನ್ನಬೇಕು? ಲೋಕವು ಅದಕ್ಕೆ ‘ಬಾಕಿ’ ಎಂಬ ಮೃದುವಾದ ಹೆಸರನ್ನಿಟ್ಟು ಸುಮ್ಮನಾಗಿದೆ. ವರ್ತಕನು ಸರಕನ್ನು ಕೊಟ್ಟದ್ದು ಬೆಲೆ ಬರುವುದೆಂಬ ನಂಬಿಕೆಯ ಮೇಲೆ. ಆ ನಂಬಿಕೆಯನ್ನು ಮುರಿದವನು ಕೊಡದೆ ಇದ್ದುದನ್ನೇ ತೆಗೆದುಕೊಂಡಂತಾಯಿತು. ಇಬ್ಬರು ಖಾಸಗಿ ವ್ಯಕ್ತಿಗಳ ನಡುವೆ ಇದು ನಡೆದರೆ ಒಬ್ಬನ ಲೋಭವೆಂದು ಹೇಳಿ ಮುಗಿಸಬಹುದು. ಆದರೆ ಸರಕಾರಿ ಕಾಮಗಾರಿಗಳಲ್ಲಿ ಇದಕ್ಕೆ ಕಾನೂನಿನ ಮೌನವೇ ಎಡೆಮಾಡಿಕೊಟ್ಟಿದೆ. ಆದುದರಿಂದ ಇದು ಸಮಾಜವು ವಿಚಾರಿಸಲೇಬೇಕಾದ ಪ್ರಶ್ನೆ.

ರೋಣ ತಾಲೂಕಿನ ಬೆಳವಣಕಿಯಂತಹ ಊರನ್ನೇ ತೆಗೆದುಕೊಳ್ಳೋಣ. ಇಂತಹ ಊರಿನಲ್ಲಿ ಶಾಲೆಯ ಕೊಠಡಿ, ಸಿಮೆಂಟ್ ರಸ್ತೆ, ನೀರಿನ ಟಾಕಿ, ಕಾಲುವೆಯ ದುರಸ್ತಿ ಎಲ್ಲವೂ ಟೆಂಡರಿನ ಮೂಲಕವೇ ಆಗುತ್ತವೆ. ಟೆಂಡರ್ ಹಿಡಿದವನು ಎಷ್ಟೋ ಸಲ ದೂರದ ನಗರದವನು. ಕೆಲಸ ಮಾಡಿಸುವವನು ಅವನ ಕೈಕೆಳಗಿನ ಉಪಗುತ್ತಿಗೆದಾರ. ಸಿಮೆಂಟ್, ಕಬ್ಬಿಣದ ಸರಳು, ಇಟ್ಟಿಗೆ, ಜಲ್ಲಿ, ಮರಳು ಮಾತ್ರ ರೋಣ, ಗಜೇಂದ್ರಗಡ, ನರಗುಂದ, ಗದಗಿನ ಅಂಗಡಿಗಳಿಂದ ಉದ್ರಿಯಲ್ಲಿ ಬರುತ್ತವೆ. 2009ರ ಅಕ್ಟೋಬರಿನ ನೆರೆಯ ತರುವಾಯ ಮತ್ತು 2019ರ ಆಗಸ್ಟಿನ ಪ್ರವಾಹದ ತರುವಾಯ ಮಲಪ್ರಭೆಯ ದಂಡೆಯ ಗ್ರಾಮಗಳಲ್ಲಿ ಮನೆ, ರಸ್ತೆ, ಸೇತುವೆಗಳ ಕೆಲಸಗಳು ಒಮ್ಮೆಲೇ ಬಂದವು. ಕಾಮಗಾರಿ ಹೆಚ್ಚಿದಾಗ ಉದ್ರಿಯೂ ಹೆಚ್ಚುತ್ತದೆ. ಇಂತಹ ಕೆಲಸ ಮುಗಿದು ಉದ್ಘಾಟನೆಯಾಗುತ್ತದೆ, ಹೆಸರಿನ ಫಲಕ ಏರುತ್ತದೆ. ವರ್ತಕನು ಹಣ ಕೇಳಲು ಹೋದರೆ ಉಪಗುತ್ತಿಗೆದಾರನು ಮುಖ್ಯ ಗುತ್ತಿಗೆದಾರನನ್ನು ತೋರಿಸುತ್ತಾನೆ. ಅವನು ಇಲಾಖೆಯನ್ನು ತೋರಿಸುತ್ತಾನೆ. ಇಲಾಖೆಯು ಅನುದಾನ ಬಿಡುಗಡೆಯಾಗಿಲ್ಲ ಎನ್ನುತ್ತದೆ. ರಾಜ್ಯದ ಗುತ್ತಿಗೆದಾರರ ಸಂಘವು ಸಾವಿರಾರು ಕೋಟಿ ರೂಪಾಯಿಗಳ ಬಿಲ್ಲು ಬಾಕಿಯಿದೆಯೆಂದು ಬೇರೆ ಬೇರೆ ಸರಕಾರಗಳ ಕಾಲದಲ್ಲಿ ಬಹಿರಂಗವಾಗಿಯೇ ಹೇಳಿಕೊಂಡಿದೆ. ಆದರೆ ಗುತ್ತಿಗೆದಾರನಿಗೆ ಒಂದು ಸಂಘವಿದೆ, ಸರಕಾರದೊಡನೆ ಒಂದು ಕರಾರು ಇದೆ. ಅವನ ಹಿಂದೆ ನಿಂತ ಅಂಗಡಿಕಾರನಿಗೆ ಏನಿದೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಯಾರು ಯಾರಿಗೆ ಜಾಮೀನು ಪಡೆದಿದ್ದಾರೆಂಬುದನ್ನು ನೋಡಬೇಕು. ಸರಕಾರವು ತನ್ನ ಹಿತವನ್ನು ಚೆನ್ನಾಗಿಯೇ ಕಾಪಾಡಿಕೊಂಡಿದೆ. ಟೆಂಡರ್ ಹಾಕುವಾಗ ಬಯಾನಾ ಹಣ, ಕರಾರಿಗೆ ಸಹಿ ಮಾಡುವಾಗ ಬ್ಯಾಂಕ್ ಗ್ಯಾರಂಟಿ ಅಥವಾ ಭದ್ರತಾ ಠೇವಣಿ, ಬಿಲ್ಲು ಕೊಡುವಾಗ ಮತ್ತೊಂದಿಷ್ಟು ಕಡಿತ, ಹೀಗೆ ಹೆಜ್ಜೆ ಹೆಜ್ಜೆಗೂ ಅದರ ಕೈಯಲ್ಲಿ ಹಿಡಿತವಿರುತ್ತದೆ. ಕೂಲಿಕಾರನ ಹಿತವನ್ನೂ ಶಾಸನವು ಮರೆತಿಲ್ಲ. ಗುತ್ತಿಗೆದಾರನು ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲಿಕನೇ ಕೊಡತಕ್ಕದ್ದೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯು ವಿಧಿಸಿತು; 2020ರ ಕಾರ್ಮಿಕ ಸಂಹಿತೆಯೂ ಅದೇ ತತ್ವವನ್ನು ಉಳಿಸಿಕೊಂಡಿತು. ಇದು ಸರ್ವಥಾ ನ್ಯಾಯವೇ. ಆದರೆ ಕೂಲಿಕಾರನ ಬೆವರು ಆ ಗೋಡೆಯಲ್ಲಿ ಸೇರಿದಂತೆ ವರ್ತಕನ ಸಿಮೆಂಟೂ ಅದೇ ಗೋಡೆಯಲ್ಲಿ ಸೇರಿದೆ. ಒಂದಕ್ಕೆ ಹೊಣೆ ಹೊತ್ತ ಶಾಸನವು ಇನ್ನೊಂದಕ್ಕೆ ಏಕೆ ಮುಖ ತಿರುಗಿಸಬೇಕು?

ಈಗಿರುವ ಕಾನೂನುಗಳು ಸಾಲವೇ ಎಂದು ಕೆಲವರು ಕೇಳುತ್ತಾರೆ. ಸಾಲವು. 1930ರ ಸರಕು ಮಾರಾಟ ಕಾಯ್ದೆಯು ಬೆಲೆ ಬಾರದ ಮಾರಾಟಗಾರನಿಗೆ ಸರಕನ್ನು ತಡೆಹಿಡಿಯುವ ಹಕ್ಕನ್ನು ಕೊಟ್ಟಿದೆ. ಆದರೆ ಸರಕು ಕೊಳ್ಳುವವನ ಕೈ ಸೇರಿದೊಡನೆ ಆ ಹಕ್ಕು ಮುಗಿಯಿತು. ಗೋಡೆಯಾದ ಇಟ್ಟಿಗೆಯನ್ನು ಯಾರೂ ಮರಳಿ ತರಲಾರರು. ಶಾಲೆಯನ್ನಾಗಲಿ ಸೇತುವೆಯನ್ನಾಗಲಿ ಜಪ್ತಿ ಮಾಡಿಸಲು ಬರುವುದಿಲ್ಲ, ಬರಲೂಬಾರದು. ಇಲಾಖೆಯ ಮೇಲೆ ದಾವೆ ಹೂಡೋಣವೆಂದರೆ ವರ್ತಕನಿಗೂ ಇಲಾಖೆಗೂ ಕರಾರೇ ಇಲ್ಲ. ಉಳಿಯುವುದು ಗುತ್ತಿಗೆದಾರನ ಮೇಲಿನ ದಾವೆಯೊಂದೇ. ಅದಕ್ಕೂ 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಮೂರು ವರ್ಷದ ಗಡುವು. ‘ಬಿಲ್ಲು ಬಂದ ಕೂಡಲೇ ಕೊಡುತ್ತೇನೆ’ ಎಂಬ ಬಾಯಿಮಾತಿನಲ್ಲಿ ಆ ಮೂರು ವರ್ಷಗಳು ಕಳೆದುಹೋಗುತ್ತವೆ. ಅವಧಿಯೊಳಗೆ ಬಾಕಿಯನ್ನು ಒಪ್ಪಿಕೊಂಡ ಬರಹಕ್ಕೆ ಸಹಿ ಪಡೆದಿದ್ದರೆ ಗಡುವು ಹೊಸದಾಗಿ ಆರಂಭವಾಗುತ್ತದೆ. ಆದರೆ ಸಹಿ ಕೇಳಿದರೆ ಸ್ನೇಹ ಕೆಡುವುದೆಂಬ ಅಂಜಿಕೆಯಿಂದ ಹಳ್ಳಿಯ ವರ್ತಕನು ಅದನ್ನೂ ಕೇಳುವುದಿಲ್ಲ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯು ಉತ್ತಮವಾದದ್ದೇ. ಅದರಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಅದರ ಬಾಗಿಲು ಯಾರಿಗೆ ತೆರೆದಿದೆ? ಜಲ್ಲಿ ಕ್ರಷರಿನವನಿಗೆ, ಇಟ್ಟಿಗೆ ಭಟ್ಟಿಯವನಿಗೆ ತೆರೆದಿದೆ. 2021ರ ಜುಲೈಯಲ್ಲಿ ಸಗಟು ಮತ್ತು ಚಿಲ್ಲರೆ ವರ್ತಕರನ್ನೂ ಆ ಪಟ್ಟಿಗೆ ಸೇರಿಸಿದರೆಂದು ಪೇಟೆಗಳಲ್ಲಿ ಸಂತೋಷವಾಯಿತು. ಆದರೆ ಆ ಸೌಲಭ್ಯವನ್ನು ಬ್ಯಾಂಕುಗಳ ಆದ್ಯತಾ ಸಾಲಕ್ಕೆ ಮಾತ್ರ ಸೀಮಿತಗೊಳಿಸಲಾಯಿತು. ಸಾಲ ತೆಗೆಯಲು ವರ್ತಕನು ಉದ್ಯಮಿ. ಬಾಕಿ ವಸೂಲು ಮಾಡಲು ಅಲ್ಲ! ಇದರ ಮೇಲೆ ತೆರಿಗೆಯ ಭಾರ ಬೇರೆ. ಸರಕು ಕಳುಹಿಸಿ ಬಿಲ್ಲು ಬರೆದೊಡನೆ ಜಿ.ಎಸ್.ಟಿ. ಕಟ್ಟಬೇಕು. ಕಬ್ಬಿಣಕ್ಕೆ ನೂರಕ್ಕೆ 18. ಸಿಮೆಂಟಿಗೆ 2025ರ ಸೆಪ್ಟೆಂಬರ್ 22ರಂದು 18ಕ್ಕೆ ಇಳಿಯುವವರೆಗೆ ನೂರಕ್ಕೆ 28 ಇತ್ತು. ಹಣ ಮುಳುಗಿದರೂ ಕಟ್ಟಿದ ತೆರಿಗೆ ಮರಳಿ ಬರುವುದಿಲ್ಲ. ತಾನು ಪಡೆಯದ ಹಣದ ಮೇಲೆ ತೆರಿಗೆ ಕಟ್ಟಿ, ಅದೇ ಸರಕಾರದ ಕಟ್ಟಡಕ್ಕೆ ಸಾಮಗ್ರಿಯನ್ನು ಪುಕ್ಕಟೆ ಕೊಟ್ಟವನಾಗುತ್ತಾನೆ ಆ ವರ್ತಕ.

ಈ ತೊಡಕು ಭಾರತಕ್ಕೆ ಮಾತ್ರ ಬಂದದ್ದಲ್ಲ. ಅಮೆರಿಕೆಯಲ್ಲಿ ಖಾಸಗಿ ಕಟ್ಟಡಕ್ಕೆ ಸಾಮಗ್ರಿ ಕೊಟ್ಟವನಿಗೆ ಆ ಕಟ್ಟಡದ ಮೇಲೆಯೇ ಹಕ್ಕು ಹುಟ್ಟುತ್ತದೆ. ಸರಕಾರದ ಕಟ್ಟಡದ ಮೇಲೆ ಅಂತಹ ಹಕ್ಕು ಸಲ್ಲದು. ಆ ಕೊರತೆಯನ್ನು ತುಂಬಲು 1894ರಲ್ಲಿ ಹರ್ಡ್ ಕಾಯ್ದೆ, ಅದು ಸಾಲದೆ ಹೋದಾಗ 1935ರಲ್ಲಿ ಮಿಲ್ಲರ್ ಕಾಯ್ದೆ ಬಂದವು. ಮಿಲ್ಲರ್ ಕಾಯ್ದೆಯ ಪ್ರಕಾರ ಕೇಂದ್ರ ಸರಕಾರದ ದೊಡ್ಡ ಕಾಮಗಾರಿಯನ್ನು ಹಿಡಿಯುವವನು ಎರಡು ಬಾಂಡ್ ಬರೆದುಕೊಡಬೇಕು: ಕೆಲಸ ಪೂರ್ಣಗೊಳಿಸುವೆನೆಂದು ಸರಕಾರಕ್ಕೆ ಒಂದು, ಕೂಲಿ ಮತ್ತು ಸಾಮಗ್ರಿ ಕೊಟ್ಟವರಿಗೆ ಹಣ ಸಲ್ಲಿಸುವೆನೆಂದು ಇನ್ನೊಂದು. ಈ ಎರಡನೆಯದೇ ಪಾವತಿ ಬಾಂಡ್. ಕೊನೆಯ ಸರಕು ಕೊಟ್ಟು 90 ದಿನಗಳಾದರೂ ಹಣ ಬಾರದಿದ್ದರೆ ಬಾಂಡಿನ ಮೇಲೆ ದಾವೆ ಹೂಡಬಹುದು. ಉಪಗುತ್ತಿಗೆದಾರನಿಗೆ ಸರಕು ಕೊಟ್ಟವನು ಆ 90 ದಿನಗಳೊಳಗೆ ಮುಖ್ಯ ಗುತ್ತಿಗೆದಾರನಿಗೆ ನೋಟೀಸು ಕೊಡಬೇಕು. ದಾವೆಗೆ ಒಂದು ವರ್ಷದ ಗಡುವು. ಅಲ್ಲಿಯ ರಾಜ್ಯಗಳೂ ಇದೇ ಬಗೆಯ ಕಾಯ್ದೆಗಳನ್ನು ಮಾಡಿಕೊಂಡಿವೆ. ಆ ವ್ಯವಸ್ಥೆಯೂ ನಿರ್ದೋಷವಲ್ಲ. ಮೂರನೆಯ ಮೆಟ್ಟಿಲಿನ ಸರಬರಾಜುದಾರನನ್ನು ಅದು ಹೊರಗಿಟ್ಟಿದೆ. ಆದರೂ ಸಾಮಗ್ರಿ ಕೊಟ್ಟವನು ಯಾರ ಬಾಗಿಲನ್ನು ತಟ್ಟಬೇಕೆಂಬುದು ಅಲ್ಲಿ ಮೊದಲೇ ನಿಶ್ಚಿತವಾಗಿರುತ್ತದೆ.

ಭಾರತದಲ್ಲಿ ಇದು ಅಸಾಧ್ಯವೇ? 2022ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಜಾಮೀನು ವಿಮೆಗೆ ಅನುಮತಿ ಕೊಟ್ಟಿದೆ. ವಿಮಾ ಕಂಪನಿಗಳು ಅಂತಹ ಬಾಂಡುಗಳನ್ನು ಕೊಡಲು ಆರಂಭಿಸಿವೆ. ಆದರೆ ಟೆಂಡರುಗಳಲ್ಲಿ ಅವು ಬಳಕೆಯಾಗುತ್ತಿರುವುದು ಮುಖ್ಯವಾಗಿ ಸರಕಾರದ ರಕ್ಷಣೆಗಾಗಿ, ಬ್ಯಾಂಕ್ ಗ್ಯಾರಂಟಿಯ ಬದಲಿಗೆ. ಸಾಧನವು ಕೈಗೆ ಬಂದಿದೆ, ಅದನ್ನು ದುರ್ಬಲನ ಕಡೆಗೆ ತಿರುಗಿಸುವ ಮನಸ್ಸು ಬಂದಿಲ್ಲ. ಕರ್ನಾಟಕದ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯು 1999ರದು. ಅದಕ್ಕೆ ಹಲವು ಬಾರಿ ತಿದ್ದುಪಡಿಗಳು ಆಗಿವೆ. ಸಾಮಗ್ರಿದಾರನ ಪಾವತಿ ಬಾಂಡಿಗಾಗಿ ಇನ್ನೊಂದು ತಿದ್ದುಪಡಿ ತರಲು ಅಡ್ಡಿಯೇನು?

ಅಡ್ಡಿ ಹೇಳುವವರ ಮಾತುಗಳನ್ನೂ ಪರಿಶೀಲಿಸಬೇಕು. ಬಾಂಡಿನ ಖರ್ಚು ಕೊನೆಗೆ ಸರಕಾರದ ಮೇಲೆಯೇ ಬೀಳುವುದೆಂಬುದು ಮೊದಲ ಆಕ್ಷೇಪ. ನಿಜ. ಆದರೆ ಮುಳುಗುವ ಉದ್ರಿಯ ಭಯದಿಂದ ವರ್ತಕನು ಇಂದೂ ದರವನ್ನು ಏರಿಸಿಯೇ ಹೇಳುತ್ತಾನೆ. ಆ ಖರ್ಚು ಲೆಕ್ಕಕ್ಕೆ ಕಾಣದೆ ಈಗಲೂ ಸಲ್ಲುತ್ತಿದೆ, ಕಂಡರೆ ಕಡಿಮೆಯಾದೀತು. ಸಣ್ಣ ಗುತ್ತಿಗೆದಾರನಿಗೆ ಬಾಂಡ್ ಸಿಗದೆಂಬುದು ಎರಡನೆಯದು. ಹಾಗಿದ್ದರೆ ಒಂದು ಮೊತ್ತಕ್ಕೆ ಮೀರಿದ ಕಾಮಗಾರಿಗೆ ಮಾತ್ರ ಬಾಂಡನ್ನು ವಿಧಿಸಿ, ಸಣ್ಣ ಕೆಲಸಗಳಲ್ಲಿ ಸಾಮಗ್ರಿದಾರರ ರಸೀದಿ ಬರುವವರೆಗೆ ಕೊನೆಯ ಬಿಲ್ಲಿನ ಒಂದು ಪಾಲನ್ನು ತಡೆಹಿಡಿಯಲಿ. ಸುಳ್ಳು ಹಕ್ಕುಗಳು ಬರುವುವೆಂಬುದು ಮೂರನೆಯದು. 50 ಸಾವಿರ ರೂಪಾಯಿಗೆ ಮೀರಿದ ಸರಕು ಸಾಗಿಸಲು 2018ರಿಂದ ಇ-ವೇ ಬಿಲ್ಲು ಬೇಕು. ಯಾವ ಲಾರಿ, ಯಾವ ಸರಕು, ಯಾವ ಸ್ಥಳಕ್ಕೆ ಎಂಬುದೆಲ್ಲ ಅದರಲ್ಲಿದೆ. ಇಷ್ಟು ಸಾಕ್ಷ್ಯವಿರುವಾಗ ಇಲಾಖೆಯ ಅಳತೆ ಪುಸ್ತಕದೊಡನೆ ತಾಳೆ ನೋಡುವುದು ಕಷ್ಟವಲ್ಲ.

‘ಉದ್ರಿ ಕೊಟ್ಟವನದೇ ತಪ್ಪು’ ಎಂಬುದು ನಾಲ್ಕನೆಯ ಮತ್ತು ಅತ್ಯಂತ ನಿರ್ದಯವಾದ ಮಾತು. ಉದ್ರಿಯಿಲ್ಲದೆ ಈ ನಾಡಿನಲ್ಲಿ ಒಂದು ಸರಕಾರಿ ಶಾಲೆಯೂ ಏಳಲಾರದು. ಬಿತ್ತನೆಗೆ ಬೀಜ ಉದ್ರಿ, ಮದುವೆಗೆ ಬಟ್ಟೆ ಉದ್ರಿ, ಕಟ್ಟಡಕ್ಕೆ ಸಿಮೆಂಟ್ ಉದ್ರಿ, ಇದು ಪೇಟೆಯ ರೀತಿ. ವಿಶ್ವಾಸವಿಟ್ಟವನನ್ನು ಮೂರ್ಖನೆಂದು ಕರೆಯುವ ಸಮಾಜದಲ್ಲಿ ವಿಶ್ವಾಸವೇ ಉಳಿಯುವುದಿಲ್ಲ. ಹಾಗೆಂದು ವರ್ತಕನಿಗೂ ಕರ್ತವ್ಯವಿಲ್ಲವೆಂದಲ್ಲ. ಕಾಮಗಾರಿಯ ಹೆಸರನ್ನು ಬಿಲ್ಲಿನಲ್ಲಿ ಬರೆಯಿಸುವುದು, ಸರಕು ಇಳಿಸಿಕೊಂಡವನ ಸಹಿ ಪಡೆಯುವುದು, ದೀಪಾವಳಿಯಲ್ಲಿ ಹೊಸ ಖಾತೆ ತೆರೆಯುವ ಮುನ್ನ ಬಾಕಿಯ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳುವುದು, ಇವಿಷ್ಟನ್ನು ಅವನು ಮಾಡಲೇಬೇಕು.

ಸರಕಾರವು ಎಂದು ಎಚ್ಚರಗೊಳ್ಳುವುದೋ ತಿಳಿಯದು. ಆದರೆ ಬಸದಿಗಳ ಟ್ರಸ್ಟುಗಳು ಅದಕ್ಕಾಗಿ ಕಾಯಬೇಕಾಗಿಲ್ಲ. ಇಂದು ಊರೂರಿನಲ್ಲಿ ಜೀರ್ಣೋದ್ಧಾರ, ಮಾನಸ್ತಂಭ, ಯಾತ್ರಿನಿವಾಸಗಳ ಕೆಲಸಗಳು ನಡೆದಿವೆ. ಗುತ್ತಿಗೆ ಕೊಟ್ಟು ಹಣ ಎಣಿಸಿದೊಡನೆ ತಮ್ಮ ಹೊಣೆ ಮುಗಿಯಿತೆಂದು ವಿಶ್ವಸ್ತರು ಭಾವಿಸುವುದುಂಟು. ಮುಗಿಯಿತೇ? ಗದಗಿಗೆ ಸಮೀಪದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿಯನ್ನು ಸಾವಿರ ವರ್ಷಗಳ ಮೇಲೆಯೂ ಜನ ಕೈಮುಗಿದು ನೋಡುತ್ತಾರೆ. ನ್ಯಾಯದಿಂದ ಗಳಿಸಿದ ಧನವೇ ದಾನಕ್ಕೆ ಯೋಗ್ಯವೆಂದು ಶ್ರಾವಕಾಚಾರವು ಹೇಳುತ್ತದೆ. ಹಾಗಾದರೆ ಆ ಧನದಿಂದ ಎದ್ದ ಗೋಡೆಯ ಇಟ್ಟಿಗೆಗೂ ನ್ಯಾಯ ಸಲ್ಲಬೇಡವೇ? ಬಾಕಿಯುಳಿದ ಇಟ್ಟಿಗೆಯ ಮೇಲೆ ದಾನಿಯ ಹೆಸರನ್ನು ಕೆತ್ತಿಸಿದರೆ ಆ ದಾನದ ಒಂದು ಭಾಗವನ್ನು ಕೊಟ್ಟವನು ದಾನಿಯಲ್ಲ. ತನ್ನ ಇಚ್ಛೆಯಿಲ್ಲದೆ, ಇಟ್ಟಿಗೆಯ ವರ್ತಕ.

ಆದುದರಿಂದ ಪ್ರತಿಯೊಂದು ಟ್ರಸ್ಟೂ ತನ್ನ ಗುತ್ತಿಗೆ ಕರಾರಿನಲ್ಲಿ ಮೂರು ಷರತ್ತುಗಳನ್ನು ಸೇರಿಸಲಿ. ಸಾಮಗ್ರಿ ಕೊಡುವವರ ಪಟ್ಟಿಯನ್ನು ಗುತ್ತಿಗೆದಾರನು ಮೊದಲೇ ಒಪ್ಪಿಸಬೇಕು. ಪ್ರತಿ ಕಂತಿಗೂ ಹಿಂದಿನ ಕಂತಿನ ಸಾಮಗ್ರಿಯ ಹಣ ಸಂದ ರಸೀದಿಯನ್ನು ತೋರಿಸಬೇಕು. ಬಾಕಿ ಉಳಿದರೆ ಗುತ್ತಿಗೆದಾರನ ಲೆಕ್ಕದಿಂದಲೇ ನೇರವಾಗಿ ಸಲ್ಲಿಸುವ ಅಧಿಕಾರ ಟ್ರಸ್ಟಿಗೆ ಇರಬೇಕು. ಗುತ್ತಿಗೆ ಹಿಡಿಯುವ ಸಮಾಜಬಾಂಧವರೂ ಒಂದು ಮಾತನ್ನು ನೆನೆಯಲಿ. ತತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಎಣಿಸಿದೆ. ಯಾರ ಬಾಕಿಯೂ ಇಲ್ಲವೆಂದು ಸುಳ್ಳು ಪತ್ರ ಬರೆದುಕೊಡುವುದು ಮೊದಲನೆಯದು. ವಿಶ್ವಾಸದಿಂದ ಕೈಗಿತ್ತುದನ್ನು ನುಂಗುವುದು ಎರಡನೆಯದು. ಟೆಂಡರಿನ ಕಾಗದದ ಮೇಲೆ ಮಾಡಿದರೂ ದೋಷವು ದೋಷವೇ.

ತನ್ನ ಮನೆಯಲ್ಲಿ ಈ ನಿಯಮವನ್ನು ನಡೆಸಿ ತೋರಿಸಿದ ಸಮಾಜಕ್ಕೆ ವಿಧಾನಸೌಧದ ಮುಂದೆ ಅದನ್ನು ಕೇಳುವ ಅಧಿಕಾರ ಬರುತ್ತದೆ. ವರ್ತಕರ ಸಂಘಗಳೂ ಟ್ರಸ್ಟುಗಳೂ ಕೂಡಿ ತಮ್ಮ ಶಾಸಕರಿಗೆ ಬರೆದು ಕೇಳಲಿ: ಸರಕಾರವು ತನಗಾಗಿ ಪಡೆಯುವ ಜಾಮೀನಿನ ಪಕ್ಕದಲ್ಲಿ, ಸಾಮಗ್ರಿ ಕೊಟ್ಟವನಿಗಾಗಿಯೂ ಒಂದು ಜಾಮೀನನ್ನು ಪಡೆಯತಕ್ಕದ್ದು.